ಯಾರಿಗಾದರೂ ಹೊಳೆಯುವಂಥದ್ದು

ಅಕ್ಕ ಬೆಳ್ತಂಗಡಿಯ ವೇದಿಕೆಯೊಂದರ ಮೇಲೆ ನಿಂತು ಮರ್ಯಾದೆಗೆ ಆಡಿದ ಒಂದು ಮಾತು ಅವಳ ವಿರುದ್ಧವೇ ಸಾಕ್ಷಿಯಾಗಿ ಬಂತು. ಅದು ಗೊತ್ತಾದಾಗ ನಾನು ಬಂಟ್ವಾಳ ಕೋರ್ಟಿನ ಜಗಲಿಯಲ್ಲಿ ನಿಂತಿದ್ದೆ. ಒಳಗೆ ನನ್ನದೊಂದು ದಾರಿ ತಕರಾರಿನ ಕೇಸು ಕೂಗುವುದರಲ್ಲಿತ್ತು. ಅಕ್ಕ ಮೊಬೈಲಿಗೆ ಕಳುಹಿಸಿದ್ದ ಪೇಟೆಂಟ್ ಅಧಿಕಾರಿಯ ಆದೇಶವನ್ನು ಬೆರಳಲ್ಲಿ ದೂಡುತ್ತಾ ಓದುತ್ತಿದ್ದವಳಿಗೆ ಕೊನೆಯ ಪುಟಕ್ಕೆ ಬರುವಾಗ ಕಿವಿ ಬಿಸಿಯಾಯಿತು. ‘ಇದು ಯಾರಿಗಾದರೂ ಹೊಳೆಯುವಂಥದ್ದು ಎಂದು ಅರ್ಜಿದಾರರೇ ಸಾರ್ವಜನಿಕವಾಗಿ ಒಪ್ಪಿಕೊಂಡಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಕೆಳಗೆ, ಅರ್ಜಿ ತಿರಸ್ಕರಿಸಲಾಗಿದೆ ಎಂಬ ಸಾಲು.

ನಾನು ವಕೀಲೆ. ಗಡಿ, ಪಾಲು, ದಾರಿ, ಬಾವಿ, ಇವು ನನ್ನ ಕಸುಬು. ಜನ ಒಂದು ಕಡೆ ಆಡಿದ ಮಾತನ್ನು ಇನ್ನೊಂದು ಕಡೆ ತಂದು ಅವರ ಎದುರಿಗೇ ಇಡುವುದು ನನಗೆ ದಿನನಿತ್ಯದ ಕೆಲಸ, ಅದರಲ್ಲಿ ನಾನು ಹುಷಾರು ಕೂಡ. ಆದರೆ ಅದನ್ನು ನನ್ನ ಅಕ್ಕನಿಗೇ ಯಾರೋ ಮಾಡಿದ್ದಾರೆ ಎಂದು ಕಂಡಾಗ ಮೈ ಉರಿದುಹೋಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನಿಗೆ ಫೋನ್ ಮಾಡಿ, ಓದಿದೆಯಾ ಕೊನೆಯ ಪುಟ ಎಂದು ಕೇಳಿದೆ.

“ಓದಿದೆ. ನಾನು ಹೇಳಿದ್ದು ಹೌದಲ್ಲ” ಎಂದಳು ಅವಳು, ಮೊಸರು ಹುಳಿಯಾಗಿದೆ ಎಂದು ಹೇಳುವಷ್ಟು ಸಮಾಧಾನದಲ್ಲಿ.

ಅವಳು ಏನು ಮಾಡಿದ್ದಳು, ಏನು ಹೇಳಿದ್ದಳು ಎಂಬುದನ್ನು ಮೊದಲಿಂದ ಹೇಳಬೇಕು.

ಅಕ್ಕ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವುದು ಅವಳ ರಜೆಯ ದಿನಗಳ ಹುಚ್ಚು. ನಮ್ಮ ಕಡೆಯಿಂದ ಗಲ್ಫಿಗೆ ಹೋದವರು ಒಂದು ಕಾಲದಲ್ಲಿ ಮನೆಗೆ ಕಾಗದ ಬರೆಯುವ ಬದಲು ಕ್ಯಾಸೆಟ್ ಕಳುಹಿಸುತ್ತಿದ್ದರು. ಊರಿಗೆ ಬರುವ ಯಾರದ್ದೋ ಪೆಟ್ಟಿಗೆಯಲ್ಲಿ ಅದು ಬರುತ್ತಿತ್ತು. ಮನೆಯವರೆಲ್ಲ ಟೇಪ್ ರೆಕಾರ್ಡರಿನ ಸುತ್ತ ಕೂತು ಕೇಳುತ್ತಿದ್ದರು, ಅತ್ತು, ನಕ್ಕು, ಮತ್ತೊಮ್ಮೆ ಕೇಳಿ, ಕೊನೆಗೆ ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಉತ್ತರ ತುಂಬಿಸಿ ವಾಪಸ್ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಒಂದು ಇರುವಾಗ ಇನ್ನೊಂದು ಯಾಕೆ ಹಾಳು ಮಾಡುವುದು ಎಂಬ ಲೆಕ್ಕ. ಹಾಗಾಗಿ ಈಗ ಮನೆಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳಲ್ಲಿ ಒಂದು ಧ್ವನಿಯ ಮೇಲೆ ಇನ್ನೊಂದು ಧ್ವನಿ ಕೂತಿದೆ.

ಕಲ್ಲಡ್ಕದಿಂದ ಒಬ್ಬರು ಬ್ಯಾರಿ ಹೆಂಗಸು ಅಂಥದೊಂದು ಕ್ಯಾಸೆಟ್ ತಂದಿದ್ದರು, ನಮ್ಮ ಅಮ್ಮನ ಪರಿಚಯದವರು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಕ್ಯಾಸೆಟ್ಟಿನಲ್ಲಿ ಇದ್ದದ್ದು ಆ ಹೆಂಗಸಿನದೇ ಧ್ವನಿ, ಕಳುಹಿಸದೆ ಉಳಿದ ಉತ್ತರ. ಅಕ್ಕ ಅದನ್ನು ಹಾಕಿ ಕೇಳುವಾಗ ಅವರ ಮಾತಿನ ಹಿಂದೆ ಒಂದು ಪಿಸಪಿಸ ಸದ್ದು ಕೇಳಿಸಿತಂತೆ. ಅದನ್ನು ತೆಗೆದು ಚೊಕ್ಕ ಮಾಡಿಕೊಡುವುದು ಎಲ್ಲರೂ ಮಾಡುವ ಕೆಲಸ. ಅಕ್ಕ ತೆಗೆಯಲಿಲ್ಲ. ಇದು ಅವರ ಗಂಡನೇ ಇರಬೇಕು ಎಂದು ಅವಳಿಗೆ ಅನಿಸಿತು.

ಟೇಪಿಗೆ ತಾಗಿಕೊಂಡು ಧ್ವನಿಯನ್ನು ಎತ್ತಿಕೊಳ್ಳುವ ಸಣ್ಣ ಲೋಹದ ತುಂಡಿಗೆ ಹೆಡ್ ಎನ್ನುತ್ತಾರೆ. ಗಲ್ಫಿನ ಟೇಪ್ ರೆಕಾರ್ಡರಿನ ಹೆಡ್ಡೂ ಇಲ್ಲಿಯದರ ಹೆಡ್ಡೂ ಕೂದಲೆಳೆಯಷ್ಟು ಮೇಲೆ ಕೆಳಗೆ ಇದ್ದರೆ, ಹೊಸದಾಗಿ ತುಂಬಿಸುವಾಗ ಹಳೆಯದು ಪೂರ್ತಿ ಅಳಿಯುವುದಿಲ್ಲ. ನೆಲ ಒರೆಸಿದ ಮೇಲೂ ಗೋಡೆಯ ಬದಿಯಲ್ಲಿ ಒಂದು ಗೆರೆ ಧೂಳು ಉಳಿಯುವ ಹಾಗೆ, ಟೇಪಿನ ಅಂಚಿನಲ್ಲಿ ಹಳೆಯ ಧ್ವನಿಯ ಎಳೆಯೊಂದು ಉಳಿಯುತ್ತದೆ. ಅಕ್ಕ ಎರಡು ಸಪೂರ ಬಾಯಿಗಳಿರುವ ಒಂದು ಹೆಡ್ ಮಾಡಿದಳು. ಒಂದು ಬಾಯಿ ನಡುವಿನ ಹೊಸ ಧ್ವನಿಯನ್ನು ಮಾತ್ರ ಓದುತ್ತದೆ. ಇನ್ನೊಂದು ಅಂಚನ್ನು ಓದುತ್ತದೆ, ಅಲ್ಲಿ ಹೊಸದೂ ಹಳೆಯದೂ ಕಲೆತಿರುತ್ತದೆ. ಎರಡರ ಹಿಂದಿನ ತಾಮ್ರದ ತಂತಿಯನ್ನೂ ಎದುರುಬದುರು ದಿಕ್ಕಿಗೆ ಸುತ್ತಿದರೆ ಹೊಸದು ಹೊಸದನ್ನು ಕಳೆದು ಹಳೆಯದು ಉಳಿಯುತ್ತದೆ. ಕೇಳಿದರೆ ಇಷ್ಟೇ. ಇದಕ್ಕಾಗಿ ಅವಳು ಕಳೆದ ರಜೆಗಳು, ತುಂಡಾದ ತಂತಿಗಳು, ಭೂತಕನ್ನಡಿಯಲ್ಲಿ ನೋಡಿ ನೋಡಿ ಕೆಟ್ಟ ಕಣ್ಣು, ಇವನ್ನೆಲ್ಲ ನಾನು ಹತ್ತಿರದಿಂದ ಕಂಡಿದ್ದೇನೆ.

ಕೊನೆಗೆ ಕಲ್ಲಡ್ಕದವರ ಗಂಡ ಮಾತಾಡಿದರು. ದೊಡ್ಡ ವಿಷಯವೇನೂ ಅಲ್ಲ. ಹಂಚು ಹೊದಿಸಿ ಆಯಿತಾ, ನಿನ್ನ ಕಾಲುನೋವು ಹೇಗುಂಟು, ಅಷ್ಟೇ. ಆ ಹೆಂಗಸು ಬುರ್ಖಾದ ಅಂಚಿನಿಂದ ಬಾಯಿ ಮುಚ್ಚಿಕೊಂಡು, ನನ್ನದು ಬೇಡ, ಅವರದ್ದು ಮಾತ್ರ ಹಾಕು ಮಗಳೇ ಎಂದರು.

ಅಕ್ಕ ಪೇಟೆಂಟಿಗೆ ಅರ್ಜಿ ಹಾಕಿದ್ದು ನಾನು ಬೆನ್ನು ಬಿದ್ದ ಮೇಲೆ. ಅರ್ಜಿ ಹಾಕಿದ ಸುದ್ದಿ ಪೇಪರಿನಲ್ಲಿ ಬಂತು. ನಮ್ಮ ಕಡೆ ಪೇಪರಿನಲ್ಲಿ ಬಂದವರಿಗೆ ಮುಂದಿನ ಗತಿ ಸನ್ಮಾನ. ಬೆಳ್ತಂಗಡಿಯ ಒಂದು ಮಹಿಳಾ ಸಂಘದವರು ಕರೆದು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಅಭಿನಂದನಾ ಪತ್ರ ಓದಿದರು. ಆಮೇಲೆ ಸನ್ಮಾನಿತರಿಂದ ಎರಡು ಮಾತು.

ಆ ಎರಡು ಮಾತು ಹೇಗಿರಬೇಕು ಎಂಬುದು ನಮ್ಮಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಹೊಗಳಿಕೆ ಕೇಳಿದ ಕೂಡಲೇ ಅದನ್ನು ತಲೆಯಿಂದ ಇಳಿಸಿ ಕೆಳಗಿಡಬೇಕು. ನೂರಾರು ಹೆರಿಗೆ ಮಾಡಿಸಿದ ಡಾಕ್ಟರು, ನಾನು ಎಂತದೂ ಮಾಡಿದ್ದಲ್ಲ, ಮಕ್ಕಳು ತಾವಾಗಿ ಹುಟ್ಟಿದ್ದು ಎನ್ನುತ್ತಾರೆ. ಕಂಬಳದಲ್ಲಿ ಪದಕ ಹೊಡೆದವನು, ಓಡಿದ್ದು ಕೋಣ ಎನ್ನುತ್ತಾನೆ. ಹಾಗೆ ಹೇಳದೆ ಹೋದರೆ ಸಭೆಗೆ ಇರುಸುಮುರುಸು. ಅಕ್ಕನೂ ಹೇಳಿದಳು. ಇದರಲ್ಲಿ ನನ್ನದು ಎಂತದೂ ಇಲ್ಲ, ಇದು ಯಾರಿಗಾದರೂ ಹೊಳೆಯುವಂಥದ್ದು, ನನಗೆ ಸ್ವಲ್ಪ ಮೊದಲು ಹೊಳೆಯಿತು ಅಷ್ಟೇ, ನೀವು ಪ್ರೀತಿಯಿಂದ ಕರೆದಿರಿ ಎಂದು ಬಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಎರಡನೇ ಸಾಲಿನಲ್ಲಿ ಕೂತಿದ್ದ ನಾನೂ ಹೊಡೆದೆ. ಮುಂದಿನ ಸಾಲಿನಿಂದ ಯಾರೋ ಪುಣ್ಯಾತ್ಮರು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು.

ಅಕ್ಕನ ಅರ್ಜಿಯನ್ನು ವಿರೋಧಿಸಿದ್ದು ಹಳೆಯ ಧ್ವನಿಗಳನ್ನು ಉಳಿಸುವ ಯಂತ್ರ ಮಾಡುವ ಒಂದು ಕಂಪನಿ. ಅವರು ಬೇರೆಯವರು ಹಿಂದೆ ಪಡೆದಿದ್ದ ಪೇಟೆಂಟುಗಳ ಎರಡು ಹಳೆಯ ಕಾಗದ ತಂದಿದ್ದರು. ಒಂದರಲ್ಲಿ ಸಪೂರ ಬಾಯಿಯ ಹೆಡ್ ಇತ್ತು, ಇನ್ನೊಂದರಲ್ಲಿ ಗುಂಯ್‌ಗುಡುವ ಸದ್ದು ಕಳೆಯಲು ತಂತಿಯನ್ನು ಎದುರುಬದುರು ಸುತ್ತುವ ಉಪಾಯ ಇತ್ತು. ಎರಡನ್ನೂ ಸೇರಿಸಿದರೆ ಇವರ ಹೆಡ್ ಆಯಿತು, ಈ ಕೆಲಸ ಬಲ್ಲ ಯಾವ ಸಾಧಾರಣ ಮನುಷ್ಯನಿಗೂ ಇದು ಹೊಳೆಯುತ್ತಿತ್ತು, ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎಂಬುದು ಅವರ ವಾದ. ಅದಕ್ಕೆ ಮೇಲಿನಿಂದ ಒಗ್ಗರಣೆಯಾಗಿ ಆ ವಿಡಿಯೋ, ಕೆಳಗೆ ಇಂಗ್ಲಿಷ್ ಅನುವಾದ. ಅಧಿಕಾರಿಗೆ ಅಷ್ಟು ಸಾಕಾಯಿತು.

ಇಷ್ಟರ ನಡುವೆ ಆ ಕಂಪನಿಯವರು ತಮ್ಮ ಹೊಸ ಯಂತ್ರದ ಚಿತ್ರವನ್ನೂ ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಅದರೊಳಗಿನ ಹೆಡ್ ನೋಡಿದರೆ ಅಕ್ಕನದ್ದೇ. ಅಪೀಲಿನಲ್ಲಿಯೂ ಸೋತರೆ ಅದು ಅವರ ಹೆಸರಿನಲ್ಲಿ ಪೇಟೆಗೆ ಬರುವುದು ಖಂಡಿತ. ಮೂಡುಬಿದಿರೆಯ ಹೆಂಗಸೊಬ್ಬಳ ತಲೆಯಲ್ಲಿ ಇದು ಮೊದಲು ಹುಟ್ಟಿತು ಎಂದು ಎಲ್ಲಿಯೂ ಒಂದು ಅಕ್ಷರ ಉಳಿಯುತ್ತಿರಲಿಲ್ಲ. ಅಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಚಿತ್ರವನ್ನು ಅವಳು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದುದನ್ನು ಬಾವ ನನಗೆ ಹೇಳಿದರು. ಊಟಕ್ಕೆ ಕರೆದರೂ ಏಳಲಿಲ್ಲವಂತೆ.

ಪೇಟೆಂಟ್ ಕಚೇರಿ ಇರುವುದು ಚೆನ್ನೈಯಲ್ಲಿ, ಅಪೀಲೂ ಅಲ್ಲಿಯ ಹೈಕೋರ್ಟಿನಲ್ಲಿ. ನನ್ನ ಜೊತೆ ಕಾನೂನು ಓದಿದ ಪುತ್ತೂರಿನ ಗೆಳತಿಯೊಬ್ಬಳು ಮದುವೆಯಾಗಿ ಹೋಗಿ ಅಲ್ಲಿಯೇ ಇಂಥ ಕೇಸುಗಳನ್ನು ನಡೆಸುತ್ತಾಳೆ. ಅವಳು ಎಲ್ಲ ಓದಿ ಫೋನ್ ಮಾಡಿದಳು.

“ಎರಡು ಕಾಗದಕ್ಕೆ ಉತ್ತರ ಉಂಟು. ಎರಡರಲ್ಲಿಯೂ ಹಿಂದಿನಿಂದ ಕೇಳುವ ಸದ್ದು ಅಂದರೆ ಕಸ, ಅದನ್ನು ಕಳೆಯುವುದು ಹೇಗೆ ಅಂತಲೇ ಬರೆದದ್ದು. ಉಳಿಸುವ ಮಾತು ಯಾರೂ ಎತ್ತಲಿಲ್ಲ. ಅದನ್ನು ನಾನು ವಾದ ಮಾಡ್ತೇನೆ. ನನಗೆ ಹೆದರಿಕೆ ಆ ವಿಡಿಯೋದ್ದು ಮಾರಾಯ್ತಿ. ಚೆನ್ನೈಯವರಿಗೆ ನಮ್ಮ ಊರಿನ ಸನ್ಮಾನ ಅಂದರೆ ಎಂತ ಗೊತ್ತುಂಟು?”

“ಎಂತ ಮಾಡುವುದು ಹಾಗಾದರೆ?”

“ಆ ಮಾತು ಕ್ರಮಕ್ಕೆ ಹೇಳುವಂಥದ್ದು ಅಂತ ಯಾರಾದರೂ ಹಿರಿಯರು ಅಫಿಡವಿಟ್ ಕೊಡಲಿ. ಮತ್ತೆ, ಜಡ್ಜ್ ಎಲ್ಲಿಯಾದರೂ ನಿನ್ನ ಅಕ್ಕನನ್ನೇ ಕೇಳಿದರೆ ಅವಳು ಹಿಂದೆ ಸರಿಯಬಾರದು. ಇದು ನಂದು ಅಂತ ನೇರ ಹೇಳಬೇಕು. ಅವಳಿಗೆ ಆಗ್ತದಾ?”

ಆಗುತ್ತದೆ ಎಂದೆ. ಆಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಹಿರಿಯರು ಎಂದರೆ ಅಳದಂಗಡಿ ಕಡೆಯ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಬೆಳ್ತಂಗಡಿ ಸುತ್ತಮುತ್ತ ಯಾರಿಗೆ ಶಾಲು ಹೊದಿಸುವುದಿದ್ದರೂ ಅಧ್ಯಕ್ಷತೆ ಅವರದೇ. ಅಕ್ಕನ ಸನ್ಮಾನದಲ್ಲಿಯೂ ಅವರೇ ಇದ್ದರು. ನಾನು ಬರೆದುಕೊಂಡು ಹೋಗಿದ್ದ ಅಫಿಡವಿಟ್ಟನ್ನು ಅವರು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಸನ್ಮಾನಿತರು ವೇದಿಕೆಯಲ್ಲಿ ಆಡುವ ಇಂಥ ಮಾತುಗಳು ಸತ್ಯವಲ್ಲ ಅಂತ ಬರೆದಿದ್ದೀ. ಅಂದರೆ ಇಷ್ಟು ವರ್ಷ ನನ್ನ ಎದುರು ನಿಂತವರೆಲ್ಲ ಸುಳ್ಳು ಹೇಳಿದರು, ನಾನು ಅದನ್ನು ಕೇಳಿಕೊಂಡು ಕೂತಿದ್ದೆ ಅಂತ ಪ್ರಮಾಣ ಮಾಡಬೇಕಾ ನಾನು?”

“ಸುಳ್ಳು ಅಂತ ಅಲ್ಲ ಸರ್. ಕೋರ್ಟಿನ ಭಾಷೆಯಲ್ಲಿ...”

“ಕೋರ್ಟಿನ ಭಾಷೆ ನನಗೆ ಬೇಡ ತಂಗಿ. ಅದು ಸುಳ್ಳಲ್ಲ. ಅದು ಎದುರಿಗೆ ಕೂತವರಿಗೆ ಕೊಡುವ ಮರ್ಯಾದೆ. ನಾನು ದೊಡ್ಡವನು ಅಂತ ಒಬ್ಬ ಹೇಳಿದರೆ ಕೆಳಗೆ ಕೂತವರೆಲ್ಲ ಸಣ್ಣವರಾದ ಹಾಗೆ. ಹಾಗೆ ಆಗಬಾರದು ಅಂತ ಅವನು ತಾನೇ ಸಣ್ಣವನಾಗುವುದು. ಬೇಕಾದರೆ ಇದನ್ನು ಬರಿ, ಸೈನ್ ಹಾಕ್ತೇನೆ. ಸುಳ್ಳು ಅಂತ ಬರೆದದ್ದಕ್ಕೆ ಹಾಕುವುದಿಲ್ಲ.”

ಅವರ ಮೇಲೆ ನನಗೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು. ಹಾಗೆಯೇ ಬರೆಸಿಕೊಂಡು ಸಹಿ ಹಾಕಿಸಿಕೊಂಡು ಬಂದೆ. ಬರುವ ದಾರಿಯುದ್ದಕ್ಕೂ, ಪುಂಜಾಲಕಟ್ಟೆ ದಾಟುವವರೆಗೂ, ಎದುರುಪಕ್ಷದ ವಕೀಲ ಇದನ್ನು ಹೇಗೆ ಹರಿದು ಹಾಕಬಹುದು ಎಂದೇ ಯೋಚಿಸುತ್ತಿದ್ದೆ.

ಅದಾದ ಮೇಲೆ ಅಕ್ಕನನ್ನು ಸಜ್ಜು ಮಾಡುವ ಕೆಲಸ. ಭಾನುವಾರ ಅವಳು ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಬಂದು ಬಿ.ಸಿ.ರೋಡಿನ ನನ್ನ ಆಫೀಸಿನಲ್ಲಿ ಕೂರುತ್ತಿದ್ದಳು. ನಾನು ಮೇಜಿನ ಆಚೆ ನಿಂತು ಎದುರುಪಕ್ಷದ ವಕೀಲೆಯಾಗುತ್ತಿದ್ದೆ.

“ಈ ಹೆಡ್ಡನ್ನು ರೂಪಿಸಿದ್ದು ಯಾರು?”

“ನಮ್ಮ ಲ್ಯಾಬಿನಲ್ಲಿ ಆಯ್ತು.”

“ಲ್ಯಾಬು ರೂಪಿಸುವುದಿಲ್ಲ. ಯಾರು?”

“ಮಾಡ್ತಾ ಮಾಡ್ತಾ ಅದಾಗಿ ಒಂದು ರೂಪಕ್ಕೆ ಬಂತು.”

“ಅಕ್ಕ, ನಾನು ಅಂತ ಹೇಳು.”

“ಅದು ಕೇಳಿದವರಿಗೆ ಗೊತ್ತಾಗ್ತದಲ್ಲ.”

ಗೊತ್ತಾಗುವುದಿಲ್ಲ ಎಂದು ನಾನು ಮೇಜು ಕುಟ್ಟಿದೆ. ಎಷ್ಟು ಸಲ ಕೇಳಿದರೂ ಅವಳ ಬಾಯಿಂದ ಅದೊಂದು ಹೊರಗೆ ಬರಲಿಲ್ಲ. ಗಂಟಲಿನವರೆಗೆ ಬಂದು ಬೇರೆ ದಾರಿ ಹಿಡಿಯುತ್ತಿತ್ತು. ಇದನ್ನು ಅವಳು ಅಮ್ಮನಿಂದ ಕಲಿತದ್ದು. ಕ್ಲಾಸಿಗೇ ಮೊದಲನೆಯವಳಾಗಿ ಪಾಸಾದ ದಿನ ಅಮ್ಮ ಅವಳ ತಲೆ ಸವರಿ, ನೆರೆಮನೆಯಲ್ಲಿ ಹೇಳಿಕೊಂಡು ಬರಬೇಡ, ಅವರ ಹುಡುಗಿ ಫೇಲಾಗಿದ್ದಾಳೆ ಎಂದಿದ್ದರು. ಅಕ್ಕ ಅದನ್ನು ಜೀವನಪೂರ್ತಿಗೆ ಇಟ್ಟುಕೊಂಡಳು. ನನಗೂ ಅಮ್ಮ ಅದನ್ನೇ ಕಲಿಸಿದ್ದರು, ನನ್ನಲ್ಲಿ ಅದು ನಿಲ್ಲಲಿಲ್ಲ.

ಮೂರನೆಯದೋ ನಾಲ್ಕನೆಯದೋ ಭಾನುವಾರ ನನಗೆ ತಡೆಯಲಾಗಲಿಲ್ಲ. ನಿನ್ನ ವಿನಯ ಇದ್ದರೆ ಇರಲಿ, ಆದರೆ ಅದನ್ನು ಕಂಪನಿಯವರ ಪೆಟ್ಟಿಗೆಗೆ ಯಾಕೆ ಹಾಕುತ್ತೀ ಎಂದು ಕೂಗಿದೆ. ಇಷ್ಟು ವರ್ಷ ಎಲ್ಲರೂ ನಿನ್ನ ಕೆಲಸವನ್ನು ಇದು ಏನು ಮಹಾ ಎಂದೇ ನೋಡಿದ್ದು, ಯಾಕೆ ಗೊತ್ತುಂಟಾ, ಮೊದಲು ಹಾಗೆ ಹೇಳುವುದು ನೀನೇ ಎಂದೆ.

ಅಕ್ಕ ತನ್ನ ಚೀಲ ಎತ್ತಿಕೊಂಡಳು.

“ನಿನಗೆ ನಾನು ಗೆಲ್ಲಬೇಕಾ, ನಾನು ನಿನ್ನ ಹಾಗೆ ಆಗಬೇಕಾ?” ಎಂದು ಕೇಳಿ ಮೆಟ್ಟಿಲಿಳಿದು ಹೋದಳು. ಕಿಟಕಿಯಿಂದ ನೋಡಿದೆ. ಮೂಡುಬಿದಿರೆ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ಅವಳು ಬಿಸಿಲಿನಲ್ಲಿಯೇ ನಿಂತಿದ್ದಳು. ನಾನು ಇಳಿದು ಹೋಗಲಿಲ್ಲ.

ವಿಚಾರಣೆಯ ದಿನದವರೆಗೆ ನಾವು ಮಾತಾಡಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಚೆನ್ನೈಯ ಕೋರ್ಟಿಗೆ ವಿಡಿಯೋ ಮೂಲಕ ಹಾಜರಾಗಬಹುದಿತ್ತು, ನನ್ನ ಆಫೀಸಿನಿಂದ ಎಂದು ಮೊದಲೇ ನಿಗದಿಯಾಗಿತ್ತು. ಬೆಳಿಗ್ಗೆಯೇ ಇನ್ವರ್ಟರ್ ನೋಡಿದೆ, ಪಕ್ಕದ ವೆಲ್ಡಿಂಗ್ ಅಂಗಡಿಯವನಿಗೆ ಒಂದು ಗಂಟೆ ಕೆಲಸ ನಿಲ್ಲಿಸಬೇಕು ಎಂದು ಕೇಳಿಕೊಂಡೆ. ಕರೆಂಟು ಒಮ್ಮೆ ಹೋಗಿ ಬಂತು, ನನ್ನ ಜೀವವೂ ಹೋಗಿ ಬಂತು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನೀಲಿ ಕಾಟನ್ ಸೀರೆ ಉಟ್ಟಿದ್ದಳು. ನನ್ನ ಮುಖ ನೋಡದೆಯೇ, ಎಲ್ಲಿ ಕೂರಬೇಕು ಎಂದಳು. ತೋರಿಸಿದೆ.

ನಮ್ಮ ಕೇಸು ಬಂದಾಗ ಗೆಳತಿ ಚೆನ್ನಾಗಿಯೇ ವಾದ ಮಾಡಿದಳು. ಎರಡು ಹಳೆಯ ಕಾಗದಗಳನ್ನು ಸೇರಿಸಬೇಕು ಎಂದು ಹೇಳಿಕೊಟ್ಟವರು ಯಾರು, ಎರಡೂ ಕಸ ಕಳೆಯುವ ಕಡೆಗೆ ಹೋಗುತ್ತಿದ್ದಾಗ ಇವರು ಮಾತ್ರ ತಿರುಗಿ ನಿಂತರು ಎಂದಳು. ನ್ಯಾಯಮೂರ್ತಿಗಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಅವರ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ.

ಆಮೇಲೆ ಕಂಪನಿಯ ಪರ ಹಿರಿಯ ವಕೀಲರು ಎದ್ದರು. ಮೆತ್ತಗಿನ ದನಿ, ಅವಸರವಿಲ್ಲದ ಮನುಷ್ಯ. ನಾವು ಏನನ್ನೂ ಸಾಬೀತು ಮಾಡಬೇಕಾಗಿಯೇ ಇಲ್ಲ, ಆವಿಷ್ಕಾರ ಮಾಡಿದವರೇ ಹೆಗಲ ಮೇಲೆ ಶಾಲು ಹೊದ್ದುಕೊಂಡು ಅದನ್ನು ಮಾಡಿಕೊಟ್ಟಿದ್ದಾರೆ ಎಂದರು. ಯಾರೋ ನಕ್ಕದ್ದು ಕೇಳಿಸಿತು. ಹೆಡ್‌ಮಾಸ್ಟರ ಅಫಿಡವಿಟ್ಟನ್ನು ಓದಿ, ಮರ್ಯಾದೆಗಾಗಿ ಹೇಳಿದ್ದು ಎನ್ನುತ್ತಾರೆ, ಆದರೆ ಸುಳ್ಳು ಎಂದು ಇವರ ಸಾಕ್ಷಿಯೇ ಹೇಳುತ್ತಿಲ್ಲವಲ್ಲ ಎಂದರು. ನಾನು ಮೇಜಿನ ಕೆಳಗೆ ಮುಷ್ಟಿ ಬಿಗಿ ಹಿಡಿದಿದ್ದೆ. ನಾನು ಪುಂಜಾಲಕಟ್ಟೆಯವರೆಗೆ ಹೆದರಿದ್ದು ಇದಕ್ಕೇ.

ನ್ಯಾಯಮೂರ್ತಿಗಳು ಕಾಗದದಿಂದ ತಲೆಯೆತ್ತಿದರು. ಆವಿಷ್ಕಾರ ಮಾಡಿದವರು ಹಾಜರಿದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದಳು ಗೆಳತಿ. ಹಾಗಾದರೆ ಅವರನ್ನೇ ಒಂದು ಮಾತು ಕೇಳೋಣ ಎಂದರು.

ಅಕ್ಕನ ಮೈಕ್ ಆನ್ ಮಾಡಿದ್ದು ನಾನೇ. ಪರದೆಯ ಮೇಲೆ ನಮ್ಮ ಚೌಕದ ಸುತ್ತ ಹಳದಿ ಗೆರೆ ಬಂತು. ಈ ಭಾಷಣ ಮಾಡಿದ್ದು ನೀವೇ ಹೌದೇ, ಈ ಮಾತು ನೀವು ಹೇಳಿದ್ದು ಹೌದೇ ಎಂದು ಅವರು ಕೇಳಿದರು.

“ಹೌದು” ಎಂದಳು ಅಕ್ಕ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಮಂಗಳೂರು ಮಂಗಳೂರು ಎಂದು ಕೂಗುತ್ತಿದ್ದ. ಇನ್ನು ಇವಳು ಲ್ಯಾಬಿನಲ್ಲಿ ಆಯ್ತು ಎನ್ನುತ್ತಾಳೆ, ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಹೇಳಿದ್ದು ಹೌದು. ಆದರೆ ಅದು ನಿಜ ಅಲ್ಲ” ಎಂದು ಅಕ್ಕ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಪಾಠ ಮಾಡುವ ಹಾಗೆ ನಿಧಾನಕ್ಕೆ ಹೇಳಿದಳು. “ಅಂಚಿನ ಆ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಅದನ್ನು ತೆಗೆಯುವುದು ಹೇಗೆ ಅಂತ ಎಲ್ಲರೂ ಯೋಚನೆ ಮಾಡಿದರು. ಅದರೊಳಗೆ ಒಬ್ಬ ಮನುಷ್ಯ ಮಾತಾಡುತ್ತಾ ಇದ್ದಾನೆ, ಅವನನ್ನು ಹೊರಗೆ ತರಬೇಕು ಅಂತ ಯೋಚನೆ ಮಾಡಿದ್ದು ನಾನು. ನಮ್ಮ ಲ್ಯಾಬು ಅಲ್ಲ. ಬೇರೆ ಯಾರೂ ಅಲ್ಲ. ನಾನು.”

ಹಿರಿಯ ವಕೀಲರು ಬಿಡಲಿಲ್ಲ. ಹಾಗಾದರೆ ಅಷ್ಟು ಜನರ ಎದುರು ಸುಳ್ಳು ಹೇಳಿದಿರಾ ಎಂದು ಕೇಳಿದರು.

“ಹೇಳಿದೆ. ಅಲ್ಲಿ ಕೂತಿದ್ದ ಹೆಂಗಸರಲ್ಲಿ ತುಂಬಾ ಜನ ಬೀಡಿ ಕಟ್ಟುವವರು. ಅವರ ಎದುರು ದೊಡ್ಡವಳಾಗುವುದು ನನಗೆ ಬೇಡ ಅಂತ ಕಂಡಿತು. ಇಲ್ಲಿ ನಿಮ್ಮ ಎದುರು ಸಣ್ಣವಳಾಗುವುದೂ ನನಗೆ ಬೇಡ.”

ಸಾಕು, ಧನ್ಯವಾದ ಎಂದರು ನ್ಯಾಯಮೂರ್ತಿಗಳು. ತೀರ್ಪು ಕಾದಿರಿಸಿ ಮುಂದಿನ ಕೇಸು ಕೂಗಿದರು.

ಪರದೆ ಆರಿಸಿದ ಮೇಲೆ ನೋಡುತ್ತೇನೆ, ಅಕ್ಕ ಬೆವರಿ ಒದ್ದೆಯಾಗಿದ್ದಾಳೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. “ಎಂತೆಲ್ಲ ಮಾತಾಡಿದೆ ನಾನು. ಅಮ್ಮ ಇದ್ದಿದ್ದರೆ ಒಂದು ಕೊಡ್ತಿದ್ದರು” ಎಂದಳು. ನನಗೆ ಅಳು ಬಂತು, ಅವಳನ್ನು ಅಪ್ಪಿಕೊಳ್ಳಬೇಕು ಎನಿಸಿತು. ನಮ್ಮಲ್ಲಿ ಅಪ್ಪಿಕೊಳ್ಳುವ ಅಭ್ಯಾಸ ಇಲ್ಲ. ಕೆಳಗೆ ಹೋಟೆಲಿಗೆ ಹೋಗಿ, ಖಾರ ತುಂಬಿ ಕರಿದ ಬಿಸ್ಕುಟ್ ರೊಟ್ಟಿ ಕಟ್ಟಿಸಿಕೊಂಡು ಬಂದೆ. ಇಬ್ಬರೂ ಪೇಪರಿನ ಮೇಲಿಟ್ಟು ತಿಂದೆವು. ಜಗಳದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತೀರ್ಪು ಬರಲು ಬಹಳ ಸಮಯ ಹಿಡಿಯಿತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಇಲ್ಲ. ಅಕ್ಕನ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಒಮ್ಮೆ ಅದು ಗೆಲ್ಲಿಸುವ ಮಾತಾಗಿ ಕಾಣುತ್ತಿತ್ತು, ಇನ್ನೊಮ್ಮೆ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡಳಲ್ಲ, ಇವಳನ್ನು ಇನ್ನು ಯಾರು ನಂಬುತ್ತಾರೆ ಎಂದು ಎದ್ದು ಕೂರುತ್ತಿದ್ದೆ. ನಾನು ಅವಳನ್ನು ಅಷ್ಟು ಒತ್ತಾಯ ಮಾಡಬಾರದಿತ್ತೇನೋ ಎಂದೂ ಅನಿಸಿತು. ಅಕ್ಕ ಮಾತ್ರ ಕಾಲೇಜು, ಮನೆ ಎಂದು ಇದ್ದಳು. ತೀರ್ಪಿನ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

ಗೆಳತಿ ತೀರ್ಪು ಕಳುಹಿಸಿದಾಗ ನಾನು ಮತ್ತೆ ಕೋರ್ಟಿನಲ್ಲಿಯೇ ಇದ್ದೆ. ಈ ಸಲ ಕೊನೆಯ ಪುಟವನ್ನೇ ಮೊದಲು ತೆರೆದೆ. ಅಪೀಲು ಮಾನ್ಯ. ಕೆಳಗಿನ ಆದೇಶ ರದ್ದು. ಪೇಟೆಂಟ್ ಕೊಡತಕ್ಕದ್ದು. ಕಕ್ಷಿದಾರನೊಬ್ಬ ಏನೋ ಕೇಳಲು ಬಂದವನು ನನ್ನ ಮುಖ ನೋಡಿ ಹಿಂದೆ ಹೋದ. ಅಕ್ಕನಿಗೆ ಫೋನ್ ಮಾಡಿ, ನೀನು ಗೆದ್ದೆ ಎಂದೆ. ಎಂತ ಬರೆದಿದ್ದಾರೆ ಓದು ಎಂದಳು.

ಓದುತ್ತಾ ಹೋದೆ. ಎರಡು ಹಳೆಯ ಕಾಗದಗಳ ವಿಷಯ ಪುಟಗಟ್ಟಲೆ ಇತ್ತು. ಆಮೇಲೆ ವಿಡಿಯೋದ ವಿಷಯಕ್ಕೆ ಬಂದೆ. ಆವಿಷ್ಕಾರ ಮಾಡಿದವರು ತಮ್ಮ ಕೆಲಸದ ಬಗ್ಗೆ ತಾವೇ ಏನು ಹೇಳಿಕೊಂಡರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ದೊಡ್ಡದು ಮಾಡಿದರೂ ಅಷ್ಟೇ, ಸಣ್ಣದು ಮಾಡಿದರೂ ಅಷ್ಟೇ, ಆ ಕೆಲಸ ಬಲ್ಲ ಮನುಷ್ಯನಿಗೆ ಹಿಂದಿನ ಕಾಗದಗಳಿಂದ ಇಲ್ಲಿಗೆ ದಾರಿ ಕಾಣುತ್ತಿತ್ತೇ ಎಂಬುದನ್ನಷ್ಟೇ ನೋಡಬೇಕು, ಕಾಣುತ್ತಿರಲಿಲ್ಲ ಎಂದು ಬರೆದಿದ್ದರು.

“ಹಾಗಾದರೆ ಆ ದಿನ ನಾನು ಹಾಗೆಲ್ಲ ಹೇಳಬೇಕು ಅಂತಲೇ ಇರಲಿಲ್ಲವಾ?” ಎಂದಳು ಅಕ್ಕ.

“ಇರಲಿಲ್ಲ.”

ಅವಳ ಕಾಲೇಜಿನ ಗಂಟೆ ಹೊಡೆಯಿತು. ಕ್ಲಾಸಿಗೆ ಹೋಗಬೇಕು ಎಂದು ಫೋನ್ ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

“ನಾನು ಹೇಳಿದ್ದನ್ನು ಅದರಲ್ಲಿ ಬರೆದಿದ್ದಾರಾ?”

ಹುಡುಕಿದೆ. ಮೊದಲಿನಿಂದ ಕೊನೆಯವರೆಗೆ ನೋಡಿದೆ. ಆವಿಷ್ಕಾರ ಮಾಡಿದವರು ವಿಡಿಯೋ ಮೂಲಕ ಹಾಜರಿದ್ದರು ಎಂದಷ್ಟೇ ಇತ್ತು.

“ಇಲ್ಲ ಅಕ್ಕ.”

“ಒಂದು ಸಾಲು ಕೂಡ ಇಲ್ಲವಾ?”

ಅವಳು ಯಾವುದನ್ನೂ ತನಗೆ ಬೇಕು ಎಂದು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೆದ್ದ ಸಂತೋಷಕ್ಕಿಂತ ಹೆಚ್ಚು ಆ ಪ್ರಶ್ನೆ ನನಗೆ ತಾಗಿತು. ನಾನು ಬರೆಯುತ್ತೇನೆ ಎಂದೆ.

“ಬರಿ” ಎಂದಳು. “ಹೇಳಿದ್ದನ್ನು ಹೇಳಿದ ಹಾಗೆಯೇ ಬರಿ, ಒಂದು ಶಬ್ದ ಬಿಡಬೇಡ.” ಫೋನ್ ಇಡುವ ಮೊದಲು, “ಹೆಸರು ಮಾತ್ರ ಹಾಕಬೇಡ ಮಾರಾಯ್ತಿ” ಎಂದಳು.